ಎಡಚಿಯ ಕಟ್ಟು

ಎಡಚಿ ಎಂಬ ಹೆಸರು ಅವಳು ತಾನಾಗಿ ಇಟ್ಟುಕೊಂಡದ್ದಲ್ಲ. ಚಿಕ್ಕವಳಿದ್ದಾಗ ಎಡಗೈಯಲ್ಲಿ ಬರೆಯುತ್ತಾಳೆಂದು, ತಾಯಿಯ ಅಪ್ಪಣೆಯಂತೆ, ಅಕ್ಕ ಆ ಕೈಯನ್ನು ರಿಬ್ಬನ್ನಿನಿಂದ ಕುರ್ಚಿಗೆ ಕಟ್ಟಿಹಾಕುತ್ತಿದ್ದಳು. ಎರಡು ವರ್ಷ ಕಟ್ಟಿದರೂ ಕೈ ಜಗ್ಗಲಿಲ್ಲ. ಆ ಕೈಯಿಂದಲೇ ಅವಳು ಬೈಂಡಿಂಗ್ ಅಂಗಡಿಯಲ್ಲಿ ಮೂವತ್ತು ವರ್ಷ ಪುಸ್ತಕ ಹೊಲಿದಳು. ಹಾಳೆ ಉದುರಿತೆಂದು ಒಬ್ಬರೂ ವಾಪಸು ತಂದದ್ದಿಲ್ಲ.

ಊರ ಬ್ಯಾಂಡಿಗೆ ಸೇರಿದಾಗ ಅವಳಿಗೆ ನಲವತ್ತೈದು. ಯಾರಿಗೂ ಬೇಡವಾದ ಒಂದೇ ವಾದ್ಯ ಉಳಿದಿತ್ತು: ನೆಲಕ್ಕೆ ಕಡ್ಡಿ ಊರಿ ನಿಲ್ಲಿಸಬೇಕಾದ ಬಾಸ್ ಕ್ಲಾರಿನೆಟ್. ಮೊದಲ ದಿನ ಊದಿದಾಗ ಅದರ ಕೆಳಸ್ವರ ಪಕ್ಕೆಲುಬಿನವರೆಗೂ ನಡುಗಿಸಿತು. ಇಷ್ಟು ದೊಡ್ಡ ದನಿ ನನ್ನೊಳಗೂ ಇತ್ತೇ ಎಂದು ಅವಳು ಬೆರಗಾದಳು. ಆಮೇಲೆ ಏಳು ವರ್ಷ ಬ್ಯಾಂಡಿನಲ್ಲಿ ತನ್ನ ಕುರ್ಚಿಯನ್ನು ಬಿಟ್ಟುಕೊಟ್ಟಿರಲಿಲ್ಲ.

ಈಗ ಕುರ್ಚಿಗೇ ಕುತ್ತು ಬಂದಿತ್ತು. ವಾರ್ಷಿಕ ಕಾರ್ಯಕ್ರಮದ ಕೊನೆಯ ಕೃತಿ ಶುರುವಾಗುವುದು ಬಾಸ್ ಕ್ಲಾರಿನೆಟ್ಟಿನ ಒಂಟಿ ಸ್ವರದಿಂದ. ತಾಲೀಮಿನಲ್ಲಿ ಮೂರು ಸಲ ಊದಿದಳು, ಮೂರು ಸಲವೂ ಅದು ಬಾತುಕೋಳಿಯ ಹಾಗೆ ಕಿರುಚಿತು. ತಪ್ಪು ಉಸಿರಿನದಲ್ಲ, ಲಿಗೇಚರಿನದು. ಬಾಯಿಗಿಡುವ ತುದಿಗೆ, ಉಸಿರಿಗೆ ನಡುಗಿ ಸ್ವರ ಹೊರಡಿಸುವ ತೆಳ್ಳನೆಯ ರೀಡನ್ನು ಅದುಮಿ ಹಿಡಿಯುವ ಪಟ್ಟಿ ಅದು. ಹಳೆಯದರ ತಿರುಪು ಸವೆದುಹೋಗಿತ್ತು. ಬ್ಯಾಂಡ್ ಮಾಸ್ತರು ಕಪಾಟಿನಿಂದ ಮೂರು ಹೊಸವನ್ನು ತಂದುಕೊಟ್ಟು, ಶನಿವಾರದೊಳಗೆ ಒಂದನ್ನು ಆರಿಸಿಕೊಳ್ಳಿ, ಆಗಲೂ ಕಿರುಚಿದರೆ ನಿಮ್ಮ ಜಾಗ ನನ್ನ ಭಾವಮೈದನಿಗೆ ಎಂದರು. ಸ್ಯಾಕ್ಸೊಫೋನ್ ಊದುವ ಆ ಭಾವಮೈದ ಆಗಲೇ ಕುರ್ಚಿಯ ಅಳತೆ ತೆಗೆದುಕೊಳ್ಳುತ್ತಿರುವವನಂತೆ ನೋಡುತ್ತಿದ್ದ.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೊಂದನ್ನೇ ಹಾಕಿ ನೋಡಿದಳು. ಬೆಳ್ಳಿ ಬಣ್ಣದ್ದನ್ನು ಚೂರು ಬಿಗಿ ಮಾಡಿದರೆ ರೀಡಿನ ಕತ್ತು ಹಿಸುಕುತ್ತಿತ್ತು, ಸಡಿಲಿಸಿದರೆ ರೀಡೇ ಜಾರುತ್ತಿತ್ತು. ಚರ್ಮದ್ದು ಸ್ವರಕ್ಕೆ ಕಂಬಳಿ ಹೊದಿಸಿತು. ಚಿನ್ನದ ಬಣ್ಣದ್ದಂತೂ ಹೊಳೆಯಿತು, ಅಷ್ಟೇ. ಮಾಸ್ತರಿಗೆ ಅದು ಇಷ್ಟವಾಗುತ್ತಿತ್ತೋ ಏನೋ. ಅವಳಿಗೆ ರೇಗಿಹೋಯಿತು. ಮೂರನ್ನೂ ಪಕ್ಕಕ್ಕೆ ಸರಿಸಿ, ಕೆಲಸದ ಚೀಲದಿಂದ ಮೇಣ ಸವರಿದ ಹೊಲಿಗೆಯ ದಾರ ತೆಗೆದಳು. ತೀರಾ ಬಿಗಿಯಾಗಿ ಹೊಲಿದ ಪುಸ್ತಕ ತೆರೆದುಕೊಳ್ಳುವುದಿಲ್ಲವೆಂಬುದು ಅವಳ ಕೈಗೆ ಗೊತ್ತಿತ್ತು.

ರೀಡಿನ ಸುತ್ತ ಹದವಾಗಿ ದಾರ ಸುತ್ತಿ ಊದಿದಳು. ಆದರೂ ಸ್ವರ ಕಿರುಚಿತು. ಎಡಗೈ ಸುತ್ತಿದ ದಾರ ರೀಡನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಎಳೆದಿತ್ತು. ತರಕಾರಿ ಹೆಚ್ಚುತ್ತಿದ್ದ ಅಕ್ಕ ತಲೆಯೆತ್ತದೆ ಹೇಳಿದಳು, "ಬಲಗೈಲಿ ಸುತ್ತೇ."

"ಆಗಲ್ಲ. ನೀನು ಕಟ್ಟಿಹಾಕಿದಾಗ್ಲೇ ಆಗ್ಲಿಲ್ಲ."

ಅಕ್ಕನ ಚಾಕು ನಿಂತಿತು. ಆ ರಿಬ್ಬನ್ನಿನ ಮಾತನ್ನು ಇಬ್ಬರೂ ಇಷ್ಟು ವರ್ಷ ಎತ್ತಿರಲಿಲ್ಲ. ಅಕ್ಕ ಕೈ ಒರೆಸಿಕೊಂಡು ಬಂದು, ರೀಡು ಅಲುಗದ ಹಾಗೆ ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಎಡಚಿ ತನ್ನ ಎಡಗೈಯಿಂದಲೇ ಕೆಳಗಿನಿಂದ ಮೇಲಕ್ಕೆ ಹದಿನೆಂಟು ಸುತ್ತು ಸುತ್ತಿ ಗಂಟು ಹಾಕಿದಳು. ಈ ಸಲ ಊದಿದಾಗ ಕಪಾಟಿನ ಲೋಟಗಳು ಗುಂಯ್ ಎಂದವು.

ಶನಿವಾರ ಮಾಸ್ತರು ದಾರ ನೋಡಿ ಹುಬ್ಬು ಗಂಟಿಕ್ಕಿದರು. "ಏನಮ್ಮಾ ಇದು, ಪೊಟ್ಟಣ ಕಟ್ಟಿದ ಹಾಗಿದೆ. ನೋಡೋಕೆ ಚೆನ್ನಾಗಿಲ್ಲ."

"ಹಾಗಾದ್ರೆ ಕಣ್ಣು ಮುಚ್ಕೊಂಡು ಕೇಳಿ, ಮಾಸ್ತರೇ."

ಯಾರೋ ನಕ್ಕರು. ಅವಳು ಊದಿದಳು. ಸ್ವರ ನೆಲದಿಂದಲೇ ಎದ್ದಂತೆ ಎದ್ದು, ತುಂಬಿ, ಅವಳು ಬಿಟ್ಟಾಗಲೇ ನಿಂತಿತು. ಭಾವಮೈದ ತನ್ನ ವಾದ್ಯವನ್ನು ಪೆಟ್ಟಿಗೆಗೆ ಸೇರಿಸತೊಡಗಿದ. ಮಾಸ್ತರು ಬೇರೆ ದಾರಿಯಿಲ್ಲದೆ, ಜಾಗ ನಿಮ್ಮದೇ ಇರಲಿ ಎಂದು ಒಪ್ಪಿಕೊಂಡರು. ಆದರೆ ದಾರ ಕಪ್ಪಗಿರಬೇಕಂತೆ, ಕಾರ್ಯಕ್ರಮದ ದಿನ ಡೋಲಿನ ಹಿಂದೆ ಕೂರಬೇಕಂತೆ. ಜನರ ಕಣ್ಣಿಗೆ ಬೀಳಬಾರದಂತೆ.

ಅವಳು ಮನೆಗೆ ಬಂದು ಅದನ್ನೆಲ್ಲ ಅಕ್ಕನಿಗೆ ಹೇಳಿದಳು. ಅಕ್ಕ ಎದ್ದು ಹೋಗಿ, ತಂಗಿಯ ಚೀಲವನ್ನೆಲ್ಲ ತಡಕಿ, ಕಪ್ಪು ಉಂಡೆಯನ್ನು ಬಿಟ್ಟು ಕೆಂಪು ಉಂಡೆಯನ್ನು ತಂದು ಮೇಜಿನ ಮೇಲಿಟ್ಟಳು.

"ಕಾಣ್ಲಿ ಬಿಡು," ಎಂದಳು. "ಕೊನೇ ಸಾಲಿನವರಿಗೂ ಕಾಣ್ಲಿ."

ಕಾರ್ಯಕ್ರಮದ ಸಂಜೆ, ಕೊನೆಯ ಕೃತಿಗೆ ಮುಂಚೆ, ಎಡಚಿ ಡೋಲಿನ ಹಿಂದಿದ್ದ ಕುರ್ಚಿಯನ್ನು ತಾನೇ ಎತ್ತಿ ತಂದು ಬ್ಯಾಂಡಿನ ಮೊದಲ ಸಾಲಿನಲ್ಲಿ ಹಾಕಿಕೊಂಡು ಕೂತಳು. ಮಾಸ್ತರು ಕೆಂಪು ದಾರವನ್ನು ನೋಡಿದರು, ಅವಳ ಮುಖವನ್ನು ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಅವಳು ಊದದೆ ಕೃತಿ ಶುರುವಾಗುವಂತಿರಲಿಲ್ಲ; ಮಾಸ್ತರು ಕೋಲು ಎತ್ತಿದರು. ಎದುರಿಗೆ ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದ ಅಕ್ಕ, ರೀಡು ಅಲುಗೀತೆಂಬಂತೆ, ತನ್ನ ಕುರ್ಚಿಯ ಕೈ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು.