ಎಡಕ್ಕೆ ವಾಲಿದ ಸೀಟು

ನನಗೆ ಧೂಳು ಕಂಡರಾಗದು. ಪಡಸಾಲೆಯ ಸೈಕಲ್ಲನ್ನು ದಿನಾ ಒರೆಸುತ್ತೇನೆ, ಅದರ ತೊಗಲಿನ ಸೀಟನ್ನು ಮಾತ್ರ ಮುಟ್ಟುವುದಿಲ್ಲ. ಸೊಸೆ ಇದನ್ನು ಪತಿಭಕ್ತಿ ಎಂದುಕೊಂಡಿದ್ದಾಳೆ. ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ. ಒಮ್ಮೆ ಒರೆಸಿ ಕೆಟ್ಟವಳು ನಾನು.

ನಿಜಾಮರ ಕಾಲ. ದೂರದಲ್ಲೆಲ್ಲೋ ಮಹಾಯುದ್ಧ ನಡೆದಿತ್ತಂತೆ. ನಾಲ್ಕೇ ಅಕ್ಷರ ಕಲಿತ ನನಗೆ ಅಂಗಡಿಯಲ್ಲಿ ಟೈರು ಸಿಗದಿರುವುದೇ ಯುದ್ಧ. ನಮ್ಮ ಮನೆಯವರು ನಾರಾಯಣಪೇಟೆಯ ಸೀರೆಗಂಟು ಹೇರಿಕೊಂಡು ಗದ್ವಾಲಿನವರೆಗೆ ಸೈಕಲ್ ತುಳಿಯುವವರು. ಹಿಂದಿನ ಟೈರು ಹರಿದು, ಚಿಂದಿ ಸುತ್ತಿ, ಹಗ್ಗ ಬಿಗಿದು ನಡೆಸಿದ್ದೆವು. ಅದೂ ಹೋದರೆ ಒಲೆ ಆರಿದಂತೆಯೇ. ಅಂಥ ಹೊತ್ತಿನಲ್ಲಿ ಮಕ್ತಲಿನಲ್ಲಿ ಬನ್ನಿಯ ದಿನ ಹಳೆಯ ಸೈಕಲ್ಲುಗಳ ಪಂದ್ಯವೆಂದು ಡಂಗುರ ಹೊಡೆದರು. ಗೆದ್ದವನಿಗೆ ಎರಡು ಹೊಸ ಟೈರು, ಎರಡನೆಯವನಿಗೆ ಒಂದು. ಹತ್ತು ವರ್ಷ ತುಳಿದ ಸೈಕಲ್ಲೇ ಆಗಬೇಕು, ಹೊಸ ಸಾಮಾನು ಒಂದೂ ಇರಕೂಡದು; ದೇಸಾಯರ ಮಕ್ಕಳ ಹೊಸ ಸೈಕಲ್ಲುಗಳ ಮುಂದೆ ಬಡವರು ಸೋಲಬಾರದೆಂದು ಆ ಕಾಯಿದೆ.

ಹಿಂದಿನ ದಿನ ಆಯುಧಪೂಜೆ. ತುಕ್ಕು ಹಿಡಿದ ಆಯುಧವನ್ನು ದೇವರ ಮುಂದಿಡುವ ಪದ್ಧತಿ ನಮ್ಮಲ್ಲಿಲ್ಲ. ಕುಡಗೋಲು, ಕತ್ತರಿ, ಕೊನೆಗೆ ಸೈಕಲ್ಲು, ಎಲ್ಲವನ್ನೂ ಹುಣಸೆಹುಳಿ, ಇಟ್ಟಿಗೆಪುಡಿ ಹಾಕಿ ತಿಕ್ಕಿದೆ. ಸೈಕಲ್ಲಿಗಂತೂ ಹರಳೆಣ್ಣೆಯಲ್ಲಿ ಕಾಡಿಗೆ ಕಲಸಿ ಬಳಿದೆ. ಫಳಫಳ ಹೊಳೆಯಿತು. ನನ್ನ ಬುದ್ಧಿ ಮಾತ್ರ ಮಸಿಯಾಗಿತ್ತೆಂದು ಮರುದಿನ ತಿಳಿಯಿತು.

ಸೈಕಲ್ ಪರೀಕ್ಷಿಸಲು ಕೂತಿದ್ದ ಕಚೇರಿಯ ಅಧಿಕಾರಿ ಪೇಷ್ಕಾರರು ನೋಡಿದವರೇ, "ಇದು ಹೊಸಾದು ಐತಿ. ನಡಿಯಂಗಿಲ್ಲ, ಬಾಜೂಕ ಸರೀರಿ" ಎಂದರು.

ಮನೆಯವರು ನನ್ನತ್ತ ತಿರುಗಿ, "ಯಾರು ತಿಕ್ಕಾಕ ಹೇಳಿದ್ರು ನಿನಗ?" ಎಂದು ಹಲ್ಲು ಕಡಿದರು. ಟೈರು ಕೈಗೆ ಬಂದು ಜಾರಿದಂತಾಯಿತು. ನಾನು ಸೆರಗು ಬಿಗಿದು ಮುಂದೆ ಹೋದೆ.

"ಸಾಹೇಬ್ರ, ಬಣ್ಣ ಬಿಡ್ರಿ. ಸೀಟಿನ ಮ್ಯಾಲ ಒಂದೀಟು ಕುಂತು ನೋಡ್ರಿ."

ಮನೆಯವರ ಎಡಗಾಲು ಒಂದು ಬೆರಳಿನಷ್ಟು ಗಿಡ್ಡ. ಎಡಕ್ಕೆ ವಾಲಿಯೇ ತುಳಿದು ತುಳಿದು ಸೀಟಿನ ಆ ಮಗ್ಗುಲು ಕುಸಿದಿತ್ತು. ಪೇಷ್ಕಾರರು ಹತ್ತಿದರು, ಎಡಕ್ಕೆ ಜಾರಿದರು, ಟೋಪಿ ಬಿತ್ತು.

"ಸಾಹೇಬ್ರು ವಾಲಾಕತ್ಯಾರ, ಹಿಡೀರಲೇ!" ಎಂದು ಯಾರೋ ಕೂಗಿದರು.

ಟೋಪಿ ಕೊಡವುತ್ತ ಅವರೂ ನಕ್ಕರು. "ಹಳೇದ ಐತಿ, ಬಿಡ್ರಿ. ಇಂಥಾ ಕೆಟ್ಟ ಸೀಟು ಯಾವ ಕಾರ್ಖಾನ್ಯಾಗೂ ಮಾಡಾಕ ಬರಂಗಿಲ್ಲ." ಅಂದಿನಿಂದ ಆ ಸೀಟಿಗೆ ನಾನು ಅರಿವೆ ಸೋಕಿಸಿಲ್ಲ.

ಮರಿಕಲ್‌ವರೆಗೆ ಹೋಗಿ ಬರುವ ಆ ಪಂದ್ಯದಲ್ಲಿ ಮನೆಯವರು ಎರಡನೆಯವರಾದರು. ಒಂದೇ ಟೈರು, ಹಿಂದಿನ ಚಕ್ರಕ್ಕೆ ಹಾಕಿಸಿ ಮರುದಿನವೇ ಗಂಟು ಹೇರಿದರು. ಮರುವರ್ಷ ಹೊಸ ಸಾಮಾನು ಇದೆಯೆಂದು ಅದೇ ಟೈರು ತೋರಿಸಿ ನಮ್ಮನ್ನು ಹೊರಗಿಟ್ಟರು! ಬಹುಮಾನ ಕೊಟ್ಟವರೇ ನಮ್ಮನ್ನು ಅನರ್ಹರೆನ್ನುವ ನ್ಯಾಯ ಎಲ್ಲಿಯದು, ನೀವೇ ಹೇಳಿ. ನಾನು ಬೈದೆ, ಅವರು ನಕ್ಕು ಗದ್ವಾಲಿನ ದಾರಿ ಹಿಡಿದರು. ಗದ್ವಾಲಿನ ದಾರಿ ಯಾವ ಕಾಯಿದೆಯನ್ನೂ ಕೇಳುತ್ತಿರಲಿಲ್ಲ.

ಮೊನ್ನೆ ಮೊಮ್ಮಗಳು ಸೈಕಲ್ ಕಲಿಯಲು ಹತ್ತಿ, ಎಡಕ್ಕೆ ವಾಲಿ ಬಿದ್ದಳು. "ಅಜ್ಜಿ, ಹೊಸಾ ಸೀಟು ಹಾಕ್ಸು" ಎಂದಳು.

"ಯಾಕ ಹಾಕ್ಸಬೇಕು? ಕುಂತು ಕುಂತು ನಿನ್ನ ಕಡೀಗೆ ತಿರುವ್ಕೋ."

ಬಿದ್ದಳು, ಬೈದಳು, ಮತ್ತೆ ಹತ್ತಿದಳು. ಇಂದು ಬೆಳಿಗ್ಗೆ ಅರಿವೆ ಹಿಡಿದು ಹೋದರೆ ಸೀಟಿನ ಮೇಲೆ ಧೂಳೇ ಇರಲಿಲ್ಲ. ಅವಳ ಲಂಗ ಒರೆಸಿತ್ತು.