ಸ್ಪ್ಯಾನಿಷ್‌ನಲ್ಲಿ ಒಂದು ಚೌಕಾಸಿ

ನನಗೆ ಸ್ಪ್ಯಾನಿಷ್ ಬರುತ್ತದೆ ಎಂಬುದು ಮಂಡ್ಯದ ಗುತ್ತಲಿನ ನಮ್ಮ ಬೀದಿಗೆಲ್ಲ ಗೊತ್ತು. ಎಷ್ಟು ಬರುತ್ತದೆ ಎಂಬುದು ಮಾತ್ರ ನನಗೊಬ್ಬಳಿಗೇ ಗೊತ್ತು. ನಲ್ಲಿಯ ಹತ್ತಿರ ಯಾರಾದರೂ "ಎಲ್ಲಿ, ಒಸಿ ಮಾತಾಡವ್ವ, ಕೇಳಾವ" ಎಂದರೆ ಒಂದರಿಂದ ಹತ್ತರವರೆಗೆ ಸಲೀಸಾಗಿ ಎಣಿಸಿಬಿಡುತ್ತೇನೆ. ಅವರು ತಲೆದೂಗುತ್ತಾರೆ. ನನ್ನ ಮರ್ಯಾದೆ ಉಳಿಯುತ್ತದೆ.

ಬಿ.ಬಿ.ಎ. ಓದಲು ವಿಶ್ವವಿದ್ಯಾಲಯ ಸೇರಿದಾಗ ಜೊತೆಗೊಂದು ವಿದೇಶಿ ಭಾಷೆ ಆರಿಸಿಕೊಳ್ಳಬೇಕು ಎಂದರು. ಸ್ಪ್ಯಾನಿಷ್ ಆರಿಸಿದೆ. ಯಾಕೆಂದು ಕೇಳಿದವರಿಗೆ ಜಾಗತಿಕ ಮಾರುಕಟ್ಟೆ, ಅವಕಾಶ ಎಂದೆಲ್ಲ ಹೇಳಿದ್ದುಂಟು. ನಿಜ ಇಷ್ಟೇ, ಆ ಕೌಂಟರಿನ ಮುಂದೆ ಸಾಲು ಚಿಕ್ಕದಿತ್ತು. ನಿರ್ಧಾರ ತೆಗೆದುಕೊಳ್ಳುವುದು ಹೇಗೆಂದು ಕಲಿಯಲು ಹೋದವಳ ಮೊದಲ ನಿರ್ಧಾರ ಅದು!

ಎರಡೂ ಓದು ಒಂದೇ ಎಂದು ಬೇಗನೆ ತಿಳಿಯಿತು. ಬೆಳಗ್ಗೆ ಮ್ಯಾನೇಜ್‌ಮೆಂಟ್ ತರಗತಿಯಲ್ಲಿ ಗೊತ್ತಿದ್ದ ಸಂಗತಿಗೆ ಗೊತ್ತಿಲ್ಲದ ಹೆಸರು ಹೇಳಿಕೊಡುತ್ತಿದ್ದರು. ಮಧ್ಯಾಹ್ನ ಸ್ಪ್ಯಾನಿಷ್ ತರಗತಿಯಲ್ಲೂ ಅದೇ ಕೆಲಸ. ಟೊಮ್ಯಾಟೊ ಅಲ್ಲಿ ತೊಮಾತೆ. ನಮ್ಮ ಸಾರಿನ ಟೊಮ್ಯಾಟೊ, ಮೆಣಸಿನಕಾಯಿ ಎರಡೂ ಈಗ ಸ್ಪ್ಯಾನಿಷ್ ಮಾತಾಡುವ ದೂರದ ನೆಲದಿಂದಲೇ ಬಂದವಂತೆ. ಈ ಜ್ಞಾನವನ್ನು ಅವ್ವನಿಗೆ ಬಡಿಸಿದೆ. "ಅವು ಬರೋಕ್ ಮುಂಚೆ ನಾವ್ ಸಾರೇ ಮಾಡ್ತಿರ್ನಿಲ್ವಾ? ಉಣ್ಸೆಣ್ಣು ಎಲ್ಲೋಗಿತ್ತು?" ಎಂದಳು. ಅಲ್ಲಿಗೆ ಆ ಪಾಠ ಮುಗಿಯಿತು.

ಕಷ್ಟ ಬಂದದ್ದು ಮೌಖಿಕ ಪರೀಕ್ಷೆಯಲ್ಲಿ. ಮಂಡ್ಯದವರ ಬಾಯಿ ಮುಚ್ಚಿಸುವುದು ಸುಲಭವಲ್ಲ ಅನ್ನುತ್ತಾರೆ. ನನ್ನದನ್ನು ಆ ಪರೀಕ್ಷೆ ಮುಚ್ಚಿಸಿತು. ಏನು ಕೇಳಿದರೂ ಪಿಳಿಪಿಳಿ ಕಣ್ಣು ಬಿಟ್ಟೆ, ಫೇಲಾದೆ. ಇನ್ನೊಂದು ಸಲ ಫೇಲಾದರೆ ಡಿಗ್ರಿ ಕೈಗೆ ಬರುವುದು ಒಂದು ವರ್ಷ ತಡ.

"ಬುಟ್ಬುಡ್ತೀನಿ ಕಣವ್ವ, ನಂಗಾಗಲ್ಲ" ಎಂದು ಅತ್ತುಬಿಟ್ಟೆ.

"ಬೀದಿಗೆಲ್ಲ ಏಳಿವ್ನಿ. ನೀನ್ ಬುಟ್ರೆ ನಾನ್ ಎಲ್ಲೋಗಿ ನೀರಿಡೀಲಿ?" ಎಂದಳು ಅವ್ವ.

ಅವ್ವನ ವಿಷಯ ಸ್ವಲ್ಪ ಹೇಳಬೇಕು. ಮಂಡ್ಯದ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಮಾರುವ ಸಾಕಮ್ಮನಿಗೂ ಅವಳಿಗೂ ವಾರಕ್ಕೊಮ್ಮೆ ಯುದ್ಧ. ಅವ್ವ ಹಣ್ಣು ಒತ್ತಿ ನೋಡುತ್ತಾಳೆ, ಬೆಲೆ ಕೇಳುತ್ತಾಳೆ, ಯಾರೋ ಬೈದಂತೆ ಮುಖ ಮಾಡುತ್ತಾಳೆ, ಹೊರಟುಬಿಡುತ್ತಾಳೆ. "ತಿರ್ಗಿ ನೋಡ್ಬ್ಯಾಡ" ಎಂದು ನನ್ನ ಕೈ ಹಿಂಡುತ್ತಾಳೆ. ಏಳನೇ ಹೆಜ್ಜೆಗೆ ಹಿಂದಿನಿಂದ ಕೂಗು ಬರುತ್ತದೆ, "ಬಾರಕ್ಕ, ಅತ್ಲಾಗ್ ತಕೊಂಡೋಗು!" ನನ್ನ ಮ್ಯಾನೇಜ್‌ಮೆಂಟ್ ಪುಸ್ತಕ ಇದನ್ನು ಹೇಳಲು ಒಂದು ಇಡೀ ಅಧ್ಯಾಯ ತೆಗೆದುಕೊಂಡಿದೆ.

ಒಂದೊಂದು ದಿನ ಸಾಕಮ್ಮ ಕೂಗುವುದಿಲ್ಲ. ಆಗ ಅವ್ವ ನುಗ್ಗೆಕಾಯಿ ಅಂಗಡಿಯವರೆಗೆ ಹೋಗಿ, ನಿಂತು, ವಾಪಸು ಬರುತ್ತಾಳೆ. "ಚೀಲ ಇಲ್ಲೇ ಬುಟ್ನೇನಮ್ಮಿ?" ಎನ್ನುತ್ತಾಳೆ. ಚೀಲ ಅವಳ ತೋಳಿನಲ್ಲೇ ನೇತಾಡುತ್ತಿರುತ್ತದೆ. ಸಾಕಮ್ಮನಿಗೂ ಕಾಣುತ್ತದೆ. "ಇಲ್ಲೇ ಎಲ್ಲೋ ಇರ್ಬೇಕು, ನೋಡು" ಎಂದು ತಕ್ಕಡಿ ಎತ್ತುತ್ತಾಳೆ. ಚಿಕ್ಕವಳಾಗಿದ್ದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಎರಡನೇ ಸಲ ಪರೀಕ್ಷೆಗೆ ಕೂತೆ. ಹೊರಗಿನಿಂದ ಬಂದ ಪರೀಕ್ಷಕಿ, ನಗು ಕಾಣದ ಮುಖ. ಮೇಜಿನ ಮೇಲೆ ಪ್ಲಾಸ್ಟಿಕ್ ಟೊಮ್ಯಾಟೊ. ಅವರು ಅಂಗಡಿಯವರು, ನಾನು ಗಿರಾಕಿ. ಬೆಲೆ ಕೇಳಿ, ಥ್ಯಾಂಕ್ಸ್ ಹೇಳಿ, ಹಣ್ಣು ತೆಗೆದುಕೊಂಡರೆ ಪಾಸು. ಅವರು ಬೆಲೆ ಹೇಳಿದರು. ಹಣ್ಣು ಕಂಡದ್ದೇ ತಡ, ಕಟ್ಟಿದ್ದ ಬಾಯಿ ಬಿಟ್ಟುಕೊಂಡಿತು. "ಮುಯ್ ಕಾರೊ!" ಎಂದೆ. ವಿಪರೀತ ದುಬಾರಿ ಎಂದು. ಪ್ಲಾಸ್ಟಿಕ್ ಹಣ್ಣನ್ನು ಒತ್ತಿ, ಇದು ನೆನ್ನೆಯದು ಎಂದೆ. ಅವರು ಬೆಲೆ ಇಳಿಸಲಿಲ್ಲ. ನಾನು ಎದ್ದು ಹೊರಟುಬಿಟ್ಟೆ. ತಿರುಗಿ ನೋಡಲಿಲ್ಲ.

ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ವರಾಂಡದಲ್ಲಿ ಹೆಜ್ಜೆ ಎಣಿಸಿದೆ, ಉನೊ, ದೋಸ್, ತ್ರೆಸ್. ಏಳಾಯಿತು. ಕೂಗು ಬರಲಿಲ್ಲ. ಎಂಟು, ಒಂಬತ್ತು, ಹತ್ತು. ಅಲ್ಲಿಗೆ ನನ್ನ ಸಲೀಸಾದ ಸ್ಪ್ಯಾನಿಷೂ ಮುಗಿಯಿತು. ಆಗ ಹೊಳೆಯಿತು. ಅಯ್ಯೋ, ನಾನು ಎದ್ದು ಬಂದದ್ದು ಸಾಕಮ್ಮನ ಅಂಗಡಿಯಿಂದಲ್ಲ, ಪರೀಕ್ಷೆಯಿಂದ! ಒಂದು ವರ್ಷ ಹೋಯಿತು, ಅವ್ವನ ನಲ್ಲಿಯೂ ಹೋಯಿತು.

ಆಮೇಲೆ ವಾಪಸು ಹೋಗಿ ಬಾಗಿಲು ತಳ್ಳಿ, ಇದ್ದಬದ್ದ ಸ್ಪ್ಯಾನಿಷನ್ನೆಲ್ಲ ಗುಡ್ಡೆ ಹಾಕಿ ಕೇಳಿದೆ, "ಅಮ್ಮಾ, ನನ್ನ ಬ್ಯಾಗು ಇಲ್ಲೇ ಬಿಟ್ಟೆನೇ?"

ಅವರು ನನ್ನ ಮುಖ ನೋಡಿದರು. ಹೆಗಲ ಮೇಲಿದ್ದ ಬ್ಯಾಗನ್ನೂ ನೋಡಿದರು. ಪೆನ್ನು ಕೆಳಗಿಟ್ಟು, ಟೊಮ್ಯಾಟೊಗಳನ್ನು ನನ್ನ ಕಡೆ ಸರಿಸಿ, ಸ್ಪ್ಯಾನಿಷಿನಲ್ಲೇ ನಿಧಾನವಾಗಿ ಅಂದರು, "ಇಲ್ಲೇ ಎಲ್ಲೋ ಇರಬೇಕು, ನೋಡಿ."

ಯಾವ ಊರಿನ ಸಾಕಮ್ಮನ ಹತ್ತಿರ ಕಲಿತಿದ್ದರೋ ತಾಯಿ! ನನಗೆ ಅಳು ಬಂತು.

ಈಗ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಖರೀದಿ ವಿಭಾಗದಲ್ಲಿದ್ದೇನೆ. ಮಾತು ಮುರಿದು ಸಿಟ್ಟಿನಿಂದ ಎದ್ದುಹೋಗುವವರನ್ನು ದಿನವೂ ಕಾಣುತ್ತೇನೆ. ಹೊರಟುಹೋಗುವುದು ಎಲ್ಲರಿಗೂ ಬರುತ್ತದೆ, ಅದಕ್ಕೆ ಪುಸ್ತಕವೂ ಇದೆ. ತಿರುಗಿ ಬರುವುದಕ್ಕೆ ಪಾಪ ಒಂದು ನೆಪ ಬೇಕು. ಅದಕ್ಕೇ ಅವರಿಗೆ ಫೋನು ಮಾಡಿ, "ನಿಮ್ಮ ಛತ್ರಿ ಇಲ್ಲೇ ಮರೆತಿದ್ದೀರಿ" ಎನ್ನುತ್ತೇನೆ. ಛತ್ರಿ ಇರುವುದಿಲ್ಲ. ಬಹಳ ಜನ ಬರುತ್ತಾರೆ.

ಪರೀಕ್ಷೆಯ ದಿನ ಸಂಜೆ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಬಾಗಿಲಿನಿಂದ ಹೊರಟದ್ದು, ಬ್ಯಾಗಿನ ನೆಪ, ಕೊನೆಗೆ ಪಾಸಾದದ್ದು. ಸೊಪ್ಪು ಸೋಸುತ್ತಲೇ ಕೇಳಿಸಿಕೊಂಡಳು.

"ಅದ್ಸರಿ, ಬೆಲೆ ಇಳ್ಸುದ್ಲಾ?"

"ಇಲ್ಲ ಕಣವ್ವ. ಅವ್ರ್ ಏಳುದ್ ಬೆಲೆಗೇ ತಕೊಂಡೆ."

ಅವ್ವ ನನ್ನನ್ನು ಮರುಕದಿಂದ ನೋಡಿದಳು.

"ಇನ್ನೊಂದ್ ವರ್ಸ ಓದ್ಬೇಕಿತ್ತು ಬುಡು ನೀನು."