ಅಲಮೀಡಾ ದ್ವೀಪದ ಭಾನುವಾರದ ಊಟ

೧೯೮೪ರಲ್ಲಿ ನಾನು ಓಕ್‌ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಅನೆಸ್ತೀಸಿಯಾ ವೈದ್ಯೆಯಾಗಿದ್ದೆ. ಆಪರೇಷನ್ನಿಗೆ ಮುನ್ನ ರೋಗಿಯನ್ನು ನಿದ್ರೆಗೆ ಕಳುಹಿಸಿ, ಮುಗಿಯುವವರೆಗೆ ಅವರ ಉಸಿರಾಟವನ್ನು ಕಾಯುವುದು ನನ್ನ ಕೆಲಸ. ಮನೆ ಪಕ್ಕದ ಅಲಮೀಡಾ ದ್ವೀಪದಲ್ಲಿತ್ತು. ಒಂದು ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನ ಬೇಸಿಗೆ ಕಳೆಯಲು ಬರುತ್ತಿದ್ದ ಊರದು. ಆ ಗದ್ದಲ ಅಡಗಿದ ಮೇಲೂ ಕಡಲಂಚಿನ ರಸ್ತೆಯಲ್ಲಿ ಒಂದು ಹಳೆಯ ರೆಸ್ಟೋರೆಂಟು ಉಳಿದುಕೊಂಡಿತ್ತು. ಅದನ್ನು ನಡೆಸುತ್ತಿದ್ದವನು ಎರ್ನೆಸ್ತೊ; ಅವನ ತಂದೆ ಫಿಲಿಪೈನ್ಸಿನಿಂದ ಬಂದು ಶುರುಮಾಡಿದ್ದರು. ಅಡುಗೆ ಅರ್ಧ ಸ್ಪೇನಿನದು, ಅರ್ಧ ಮನಿಲಾದ್ದು. ಮಾಂಸ ಮೀನು ಮುಟ್ಟದ ನಮಗೆಂದು ಎರ್ನೆಸ್ತೊನ ಹೆಂಡತಿ ತೆರೆಸಾ ಬೇರೆ ಬಾಣಲೆಯಲ್ಲಿ ಕೇಸರಿ ಹಾಕಿ, ಬೀನ್ಸ್ ಬೆರೆಸಿ ಅನ್ನ ಮಾಡಿಕೊಡುತ್ತಿದ್ದಳು.

ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾನೂ ನನ್ನ ಯಜಮಾನರೂ ಅಲ್ಲಿಗೆ ಊಟಕ್ಕೆ ಹೋದೆವು. ಬಾಣಲೆ ಹಿಡಿದು ಬಂದ ಎರ್ನೆಸ್ತೊ ಎಂದಿನಂತೆ ತಮಾಷೆ ಮಾಡಲು ಬಾಯಿ ತೆರೆದ. ಮಾತು ತೊದಲಿತು.

"ಡಾಕ್ಟರ್, ತುಟಿ ಜುಮುಜುಮು ಅಂತಿದೆ. ಕೈಯೂ ಹಾಗೇ," ಎಂದ.

"ಏನೇ, ಕುಡಿದಿದ್ದಾನಾ?" ಎಂದು ಯಜಮಾನರು ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಬಾಣಲೆ ಅವನ ಕೈಜಾರಿತು. ಕುರ್ಚಿ ಹಿಡಿಯಲು ಹೋದವನು ಹಿಡಿಯಲಾರದೆ ನೆಲಕ್ಕೆ ಕುಸಿದ. ಎಂಜಲು ನುಂಗಲೂ ಆಗದೆ ಬಾಯಂಚಿನಲ್ಲಿ ಸುರಿಯತೊಡಗಿತು. ಎದೆ ಏಳುವುದು ಕಡಿಮೆಯಾಗುತ್ತ ಬಂತು.

"ಇವತ್ತು ಏನು ತಿಂದ?" ಎಂದು ತೆರೆಸಾಳನ್ನು ಕೇಳಿದೆ.

"ಮಸಲ್ ಚಿಪ್ಪುಮೀನು. ಬೆಳಿಗ್ಗೆ ಪೆಸಿಫಿಕ್ ಕಡೆ ಹೋಗಿ ಬಂಡೆಯಿಂದ ಕಿತ್ತು ತಂದ. ಸ್ವಲ್ಪವೇ ಇತ್ತು, ಬೇಯಿಸಿ ಒಬ್ಬನೇ ತಿಂದ."

ಆಗ ನನಗೆ ಅರ್ಥವಾಯಿತು. ಬೇಸಿಗೆಯಲ್ಲಿ ಇಲ್ಲಿನ ಸಮುದ್ರದಲ್ಲಿ ಕಣ್ಣಿಗೆ ಕಾಣದ ಒಂದು ಪಾಚಿ ಹೆಚ್ಚುತ್ತದೆ. ಅದನ್ನು ತಿಂದ ಕಪ್ಪು ಚಿಪ್ಪಿನ ಮಸಲ್‌ಗಳಲ್ಲಿ ವಿಷ ಶೇಖರವಾಗುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ನರಗಳು ಸ್ನಾಯುಗಳಿಗೆ ಕಳಿಸುವ ಸಂದೇಶವನ್ನೇ ಅದು ತಡೆಯುತ್ತದೆ. ಕೊನೆಗೆ ಉಸಿರಾಡುವ ಸ್ನಾಯುಗಳೂ ನಿಲ್ಲುತ್ತವೆ. ಮದ್ದಿಲ್ಲ. ದೇಹ ತಾನಾಗಿ ವಿಷವನ್ನು ಹೊರಹಾಕುವವರೆಗೆ ಅವನಿಗಾಗಿ ಬೇರೆಯವರು ಉಸಿರಾಡಿಸಬೇಕು, ಅಷ್ಟೆ.

ಯಜಮಾನರು ಫೋನಿಗೆ ಓಡಿದರು. ನಾನು ಅವನ ಬಾಯಿಗೆ ಬಾಯಿಟ್ಟು ಗಾಳಿ ಊದತೊಡಗಿದೆ. ತೆರೆಸಾ ಅವನ ಕಾಲು ಹಿಡಿದು ಅವರ ಭಾಷೆಯಲ್ಲಿ ದೇವರನ್ನು ಕೂಗುತ್ತಿದ್ದಳು. ಊದಿ ಊದಿ ನನಗೆ ತಲೆ ಸುತ್ತಿ ಕಣ್ಣು ಕತ್ತಲಿಟ್ಟಿತು. ಆಂಬ್ಯುಲೆನ್ಸ್ ಬರುವುದೇ ಇಲ್ಲವೇನೋ ಅನ್ನಿಸಿತು. ಬಂದ ಮೇಲೆ, ಓಕ್‌ಲ್ಯಾಂಡಿಗೆ ಹೋಗುವ ನೀರಡಿಯ ಸುರಂಗದ ಉದ್ದಕ್ಕೂ ಕೈಯಲ್ಲಿ ರಬ್ಬರ್ ಚೀಲ ಹಿಚುಕುತ್ತ ಅವನೊಳಗೆ ಗಾಳಿ ತುಂಬಿದೆ.

ಮರುದಿನ ಬೆಳಿಗ್ಗೆ ಐಸಿಯುನಲ್ಲಿ ವೆಂಟಿಲೇಟರ್ ಅವನ ಎದೆಯನ್ನು ಏರಿಸಿ ಇಳಿಸುತ್ತಿತ್ತು. ರೆಪ್ಪೆ ಸಹ ಅಲುಗುತ್ತಿರಲಿಲ್ಲ. ನರರೋಗ ತಜ್ಞ ಅನಂತರಾಯರು ನಮ್ಮ ಮೈಸೂರಿನವರೇ, ನನಗಿಂತ ಹಿರಿಯರು. ಅವರು ಪರೀಕ್ಷಿಸಿ ಮುಗಿಸಿ ನನ್ನ ಕಡೆ ತಿರುಗಿದರು.

"ನೋಡಮ್ಮ, ಕಣ್ಣಿಗೆ ಬೆಳಕು ಬಿಟ್ರೂ ಪ್ಯೂಪಿಲ್ ರಿಯಾಕ್ಟ್ ಆಗ್ತಿಲ್ಲ. ಗಂಟಲು ಕೆಣಕಿದ್ರೂ ಕೆಮ್ಮಿಲ್ಲ. ನೋವು ಕೊಟ್ರೂ ಏನಿಲ್ಲ. ಉಸಿರು ನಿಂತಾಗಲೇ ಬ್ರೈನು ಹೋಗಿರ್ಬೇಕು. ಮನೆಯವರಿಗೆ ಹೇಳ್ಬಿಡೋಣ."

"ಸಾರ್, ಬ್ರೈನಿಗೆ ಏನೂ ಆಗಿಲ್ಲ. ನಾವು ಆಪರೇಷನ್ ಥಿಯೇಟರಿನಲ್ಲಿ ಸ್ನಾಯು ಸಡಿಲಿಸೋ ಮದ್ದೊಂದನ್ನೇ ಕೊಟ್ಟು ನಿದ್ರೆ ಮದ್ದು ಕೊಡದಿದ್ರೆ ಹೇಗಿರುತ್ತೋ ಹಾಗಿದಾನೆ. ಎಚ್ಚರವಾಗಿದಾನೆ ಸಾರ್."

"ನೀನು ಅವನ ಅನ್ನ ತಿಂದಿದೀಯ, ಅದಕ್ಕೇ ಬಿಟ್ಟುಕೊಡೋಕೆ ಆಗ್ತಿಲ್ಲ ನಿಂಗೆ," ಎಂದರು. ಗದರಿಕೆಯಲ್ಲ, ಮರುಕ. ಅದರಿಂದಲೇ ನನ್ನ ಧೈರ್ಯ ಕುಸಿಯಿತು. ಅವರು ಹೇಳುವುದೇ ನಿಜವಾಗಿದ್ದರೆ?

ಅವರು ತೆರೆಸಾಳತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: "ಅಮ್ಮಾ, ನಿಮ್ಮ ಗಂಡನ ಮಿದುಳು ಸತ್ತಿರಬಹುದು. ಈ ಯಂತ್ರವನ್ನು ಎಷ್ಟು ದಿನ ಇಡುವುದು ಅಂತ ನೀವು ಯೋಚಿಸಬೇಕಾಗುತ್ತೆ."

ತೆರೆಸಾ ಅಳಲೂ ಆಗದೆ ನಿಂತಳು. ಆಗ ಮಾನಿಟರಿನ ಸದ್ದು ಬದಲಾಯಿತು. ನಾವು ಕನ್ನಡದಲ್ಲಿ ಮಾತನಾಡುವಾಗ ಒಂದೇ ಲಯದಲ್ಲಿದ್ದ ನಾಡಿ ಈಗ ಧಾವಿಸುತ್ತಿತ್ತು.

"ಸಾರ್," ಎಂದೆ, "ಅವನಿಗೆ ಕನ್ನಡ ಬರಲ್ಲ. ಇಂಗ್ಲಿಷ್ ಬರುತ್ತೆ."

ರಾಯರು ಮಾನಿಟರನ್ನೇ ನೋಡುತ್ತ ನಿಂತರು. ಆಮೇಲೆ ಬಗ್ಗಿ ಅವನ ಕಿವಿಯ ಬಳಿ, "ಎರ್ನೆಸ್ತೊ, ನಾನು ತಪ್ಪು ಹೇಳಿದೆ. ಯಂತ್ರ ನಿಲ್ಲಿಸುವುದಿಲ್ಲ," ಎಂದರು. ನಾಡಿ ನಿಧಾನವಾಗಿ ಇಳಿಯಿತು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಅಂದು ಸಂಜೆ ರಕ್ತದೊತ್ತಡ ಪಾತಾಳಕ್ಕಿಳಿದು, ಅವನು ಕೈತಪ್ಪಿಯೇ ಹೋದನೆಂದುಕೊಂಡೆವು. ಔಷಧಿ ಏರಿಸುತ್ತ, ಏನು ಮಾಡುತ್ತಿದ್ದೇವೆಂದು ಅವನಿಗೆ ಹೇಳುತ್ತಲೇ ಹೋದೆ. ನಾನು ದಣಿದಾಗ ತೆರೆಸಾ ಮಾತಾಡಿದಳು. ಅಂಗಡಿಯವನು ಕೊಳೆತ ಟೊಮ್ಯಾಟೊ ಕಳಿಸಿದ್ದನ್ನೂ ಹೇಳಿ ರೇಗಿದಳು. ಇನ್ನೊಂದು ಬೆಳಗಿಗೆ ಅವನ ಹುಬ್ಬು ಅಲುಗಿತು. ಮಧ್ಯಾಹ್ನ ಬೆರಳು. ತೆರೆಸಾ ಆ ಬೆರಳನ್ನು ಹಿಡಿದು ಆಗ ಅತ್ತಳು.

ಗಂಟಲಿನ ಟ್ಯೂಬ್ ತೆಗೆದ ಮೇಲೆ, ಒಡೆದ ಧ್ವನಿಯಲ್ಲಿ ಅವನು ನನಗೆ ಹೇಳಿದ: "ಕಣ್ಣು ಬಿಡೋಕಾಗದೆ ಬರೀ ಕತ್ತಲು, ಡಾಕ್ಟರ್. ನೀವೆಲ್ಲ ಸುಮ್ಮನಾದಾಗ ಮಾತ್ರ, ನಾನು ಸತ್ತೆ ಅಂದ್ಕೊಳ್ತಿದ್ದೆ."

ಉತ್ತರ ಕೊಡಲಾಗದವರಿಗೆ ಕೇಳಿಸುವುದೂ ಇಲ್ಲವೆಂದು ತೀರ್ಮಾನಿಸಬಾರದು. ವೃತ್ತಿ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು. ನಿವೃತ್ತಳಾಗುವವರೆಗೂ ಅಲುಗದ ರೋಗಿಗಳ ಪಕ್ಕ ನಿಂತು ಹೆಸರು ಹೇಳಿದೆ, ಹೊತ್ತೆಷ್ಟೆಂದು ಹೇಳಿದೆ, ಹೊರಗೆ ಬಿಸಿಲಿದೆಯೋ ಮಂಜಿದೆಯೋ ಹೇಳಿದೆ. ಹೊಸದಾಗಿ ಬಂದ ನರ್ಸುಗಳು, ಈಕೆ ಯಾರ ಜೊತೆ ಮಾತಾಡುತ್ತಿದ್ದಾಳೆ ಎಂಬಂತೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾನು ನಿಲ್ಲಿಸಲಿಲ್ಲ.